ಹಿತ್ತಲ ಬಾಗಿಲಿಗೆ ಇಳಿಯುವ ದಾರಿ

ಹೆಬ್ಬಲಸಿನ ಗುಡ್ಡದ ಬುಡದಲ್ಲಿ ಎರಡು ಸಿಮೆಂಟಿನ ಮರ ನಿಂತಿವೆ. ಸುತ್ತಮುತ್ತ ನಿಜವಾದ ಮರಕ್ಕೇನೂ ಬರಗಾಲವಿಲ್ಲ. ಆದರೂ ಅರಣ್ಯ ಇಲಾಖೆಯವರು ಸಿಮೆಂಟಿನಲ್ಲಿ ಬೊಡ್ಡೆ ಎಬ್ಬಿಸಿ, ಕಂದು ಬಣ್ಣ ಬಳಿದು, ನಡುವೆ ‘ಚಾರಣ ಪಥ’ ಎಂಬ ಬೋರ್ಡು ತೂಗುಹಾಕಿದ್ದಾರೆ. ಶನಿವಾರ, ಭಾನುವಾರ ಶಿವಮೊಗ್ಗದ, ಬೆಂಗಳೂರಿನ ಗಾಡಿಗಳು ಮಾಸ್ತಿಕಟ್ಟೆ ದಾಟಿ ಬಂದು ಇಲ್ಲಿ ಸಾಲುಗಟ್ಟುತ್ತವೆ. ಬರುವ ಮಕ್ಕಳು ಒಳ್ಳೆಯವರೇ. ಮೊಬೈಲಿನಲ್ಲಿ ಟಿಕೆಟ್ ತೋರಿಸುತ್ತಾರೆ, ಹತ್ತುತ್ತಾರೆ, ತುದಿಯಲ್ಲಿ ನಿಂತು ಫೋಟೊ ಹಿಡಿದು ಬಂದ ದಾರಿಯಲ್ಲೇ ಇಳಿಯುತ್ತಾರೆ. ಆಚೆ ಕಡೆಗೆ ಇಳಿಯುವವರಿಲ್ಲ.

ಆ ದಾರಿ ಆದದ್ದೇ ಆಚೆ ಕಡೆಗೆ ಇಳಿಯಲಿಕ್ಕೆ. ನಮ್ಮ ಕಲ್ಲುಕೊಪ್ಪದವರು ತೀರ್ಥಹಳ್ಳಿ ತಾಲೂಕಿನ ಹೊನ್ನೆಬೈಲಿಗೆ ಹೋಗುತ್ತಿದ್ದ ದಾರಿ ಅದು. ಮೊದಲು ಗುಡ್ಡದ ಪಕ್ಕದಲ್ಲೇ ಗಾಡಿರಸ್ತೆ ಇತ್ತು. ಅಣೆಕಟ್ಟಿನ ನೀರು ಏರಿದಾಗ ಅದು ಮುಳುಗಿತು, ಬಸ್ಸು ಊರೆಲ್ಲ ಸುತ್ತಿ ಹೋಗುವಂತಾಯಿತು. ಗುಡ್ಡ ಹತ್ತಿ ಇಳಿದರೆ ಬೆಳಗಿನ ಗಂಜಿ ಇಲ್ಲಿ, ಮಧ್ಯಾಹ್ನದ ಊಟ ಅಲ್ಲಿ. ಇಲಾಖೆಯವರು ಈಗ ನಂಬರು ಹಾಕಿರುವ ಜಾಗಗಳಿಗೆ ಆಗ ಹೆಸರಿದ್ದವು. ಮೊದಲು ಹೊರೆ ಇಳಿಸುವ ಕಲ್ಲು. ಅದರ ಮೇಲೆ ಅಳುವ ಏರು. ಮದುವೆಯಾಗಿ ಹೋಗುವ ಹೆಣ್ಣುಮಕ್ಕಳು ಅಲ್ಲಿಯ ತನಕ ಬಿಗಿಹಿಡಿದು ಬಂದು, ಊರು ಮರೆಯಾಗುವ ಆ ತಿರುವಿನಲ್ಲಿ ಅಳುತ್ತಿದ್ದರು. ಗಂಡಿನ ಕಡೆಯವರು ಬೀಡಿ ಹಚ್ಚಿಕೊಂಡು ಬೇರೆ ಕಡೆ ನೋಡುತ್ತ ಕೂರುತ್ತಿದ್ದರು. ನಮ್ಮೂರ ಜಯಪ್ಪನ ತಂಗಿ ಜಲಜ ಅಲ್ಲೇ ಅತ್ತು ಮುಗಿಸಿ, ಮೂಗು ಒರೆಸಿಕೊಂಡು, ಗಂಡ ತಿಮ್ಮಣ್ಣನ ಹಿಂದೆ ಇಳಿದವಳು.

ಜಯಪ್ಪ ನನ್ನ ಜೊತೆಗಾರ. ಗೇಣಿ ಒಕ್ಕಲಿನ ಮನೆಯ ಮಗ. ರೈತರ ಚಳವಳಿಯಲ್ಲಿ ಒಂದೇ ಲಾರಿಯಲ್ಲಿ ಹೋಗಿ, ಒಂದೇ ಜೈಲಿನಲ್ಲಿ ಒಂದೇ ನೀರುಸಾರು ಉಂಡವರು ನಾವು. ಭಾಷಣ ಅವನದಲ್ಲ. ಒಮ್ಮೆ ಯಾರೋ ಒತ್ತಾಯ ಮಾಡಿ ಮೈಕು ಕೈಗೆ ಕೊಟ್ಟಾಗ ‘ಇದನ್ನ ಆಫ್ ಮಾಡೋದು ಹ್ಯಾಗೆ?’ ಎಂದು ಕೇಳಿ ಕೆಳಗಿಳಿದಿದ್ದ. ಜೈಲಿನಲ್ಲೂ ಅವನದು ಒಂದೇ ಪ್ರಶ್ನೆ, ಗೌರಿ ಹಬ್ಬದೊಳಗೆ ಬಿಡ್ತಾರಾ ಇಲ್ವಾ. ನಾವೆಲ್ಲ ಬೇಡಿಕೆ ಈಡೇರುವ ತನಕ ಕದಲುವುದಿಲ್ಲ ಎಂದು ಘೋಷಣೆ ಕೂಗುತ್ತಿದ್ದರೆ ಇವನು ಮೂಲೆಯಲ್ಲಿ ಕೂತು ತಿಥಿ ಲೆಕ್ಕ ಹಾಕುತ್ತಿದ್ದ. ಹಬ್ಬದ ಹಿಂದಿನ ದಿನ ಬಿಟ್ಟರು. ಮಾಲೆ ಹಾಕಿಸಿಕೊಳ್ಳಲೂ ನಿಲ್ಲದೆ ಹೋದ.

ತವರಿನ ಬಾಗಿನ ತಂಗಿಗೆ ಮುಟ್ಟಬೇಕು, ಅಣ್ಣನೇ ಹೊತ್ತು ಮುಟ್ಟಿಸಬೇಕು. ಬಿದಿರಿನ ಎರಡು ಮೊರ, ಒಂದರ ಮೇಲೊಂದು ಮುಚ್ಚಿದ್ದು. ಒಳಗೆ ಅಕ್ಕಿ, ಬೇಳೆ, ಬೆಲ್ಲ, ಕಾಯಿ, ಅರಿಶಿನ ಕುಂಕುಮ, ಹಸಿರು ಬಳೆ, ರವಿಕೆ ಕಣ. ಅದನ್ನು ಗೋಣಿಯಲ್ಲಿ ಸುತ್ತಿ, ಮೇಲೆ ಪ್ಲಾಸ್ಟಿಕ್ ಹೊದಿಸಿ, ಕಾಲಿಗೆ ಸುಣ್ಣ ತಂಬಾಕು ತಿಕ್ಕಿಕೊಂಡು ಭಾದ್ರಪದದ ಮಳೆಯಲ್ಲಿ ಹತ್ತುತ್ತಿದ್ದ. ‘ಗೌರಿ ಹಬ್ಬ ತಂಗಿಗಿಂತ ಜಿಗಣೆಗೇ ಜೋರು, ಮಾರಾಯ’ ಎನ್ನುತ್ತಿದ್ದ. ಆಚೆಯ ಇಳಿಜಾರು ಶುರುವಾಗುವ ಗುಡ್ಡದ ಕುತ್ತಿಗೆಯಲ್ಲಿ ನಿಂತು ಒಂದು ಕೂ ಹಾಕಿದರೆ ಹೊನ್ನೆಬೈಲಿನಲ್ಲಿ ಜಲಜಮ್ಮ ಕಡುಬಿನ ಪಾತ್ರೆ ಒಲೆಗೇರಿಸುತ್ತಿದ್ದಳು. ಇವನು ಇಳಿದು ಕಾಲು ತೊಳೆಯುವ ಹೊತ್ತಿಗೆ ಕಡುಬು ಬೆಂದಿರುತ್ತಿತ್ತು. ಯಾವ ಮೊಬೈಲಿಗೂ ಈಗ ಅಲ್ಲಿ ಸಿಗ್ನಲ್ಲಿಲ್ಲ.

ಈ ವರ್ಷ ಬೇಸಿಗೆಯಲ್ಲಿ ತಿಮ್ಮಣ್ಣ ತೀರಿಕೊಂಡ. ಗಂಡ ಸತ್ತವಳಿಗೆ ಬಾಗಿನವಿಲ್ಲ. ಅಕ್ಕಿ ಕೊಡಬಹುದು, ಸೀರೆ ಕೊಡಬಹುದು. ಮೊರದಲ್ಲಿಟ್ಟು ಅರಿಶಿನ, ಬಳೆ ಕೊಡುವಂತಿಲ್ಲ. ಹಬ್ಬಕ್ಕೆ ಎರಡು ದಿನ ಇದೆ ಎನ್ನುವಾಗ ನಾನು ಜಯಪ್ಪನ ಮನೆಗೆ ಹೋದರೆ, ಹೊಸನಗರದ ಸಂತೆಯಿಂದ ತಂದ ಹೊಸ ಮೊರ ಎರಡು ಜಗಲಿಯ ಮೇಲಿದ್ದವು. ಹೆಂಡತಿ ಯಶೋಧಾ ಬಾಗಿಲಲ್ಲಿ ನಿಂತಿದ್ದಳು.

“ನೀವಾದ್ರೂ ಹೇಳಿ ಅಣ್ಣ. ಕಾಯಿ, ಅಕ್ಕಿ, ಸೀರೆ ಸಾಕು ಅಂತೀನಿ. ಮೊರ ಎಂತಕ್ಕೆ? ನಾಕು ಜನ ನೋಡಿದ್ರೆ ಅವ್ಳಿಗೇ ಅಲ್ವಾ ನಾಚ್ಕೆ?”

“ನಾಕು ಜನ ಯಾಕೆ ನೋಡ್ತಾರೆ?” ಎಂದ ಜಯಪ್ಪ. “ನಾ ಇಳಿಯೋದು ಅವ್ಳ ಕೊಟ್ಟಿಗೆ ಹಿಂದೆ. ದನ ನೋಡ್ತಾವೆ ಅಷ್ಟೆ.”

“ಈ ವರ್ಷ ಬಿಟ್ರೆ ಏನಾಗತ್ತೆ?” ಎಂದೆ ನಾನು.

“ಈ ವರ್ಷ ಬಿಟ್ರೆ ತವರು ಬಿಡ್ತು ಅಂತ ಅವ್ಳು ತಿಳ್ಕಂತಾಳೆ. ಬಾಯಿಬಿಟ್ಟು ಹೇಳೋದಿಲ್ಲ, ಆದ್ರೆ ತಿಳ್ಕಂತಾಳೆ. ತಿಮ್ಮಣ್ಣ ಇರೋ ತನಕ ನಾನೇನು ಅವ್ನಿಗೆ ಹೊತ್ತಿದ್ನಾ ಇದನ್ನ?”

ಯಶೋಧಾ ಒಳಗೆ ಹೋದಳು. ಬಂದಾಗ ಕೈಯಲ್ಲಿ ಹಸಿರು ಬಳೆ ಇದ್ದವು. ತಾನೇ ಮೊರದೊಳಗೆ ಇಟ್ಟಳು.

ಹಬ್ಬದ ಹಿಂದಿನ ದಿನ ಗೋಣಿ ಹೊತ್ತು ಹೊರಟ ನಮಗೆ ತೊಡಕು ಬಂದದ್ದು ಸಿಮೆಂಟಿನ ಮರದಲ್ಲಿ. ಹೋದ ವರ್ಷ ಮಳೆಗಾಲದಲ್ಲಿ ಯಾರೋ ಜಾರಿ ಬಿದ್ದು ಕಾಲು ಮುರಿದುಕೊಂಡಿದ್ದರಿಂದ ಈ ಸಲ ಮಳೆ ನಿಲ್ಲುವ ತನಕ ಚಾರಣ ಬಂದ್ ಎಂದು ಆದೇಶವಾಗಿತ್ತು. ಗೇಟಿಗೆ ಬೀಗ, ಪಕ್ಕದಲ್ಲಿ ದಾಟಲಾಗದಂತೆ ತೋಡಿದ ಅಗಳು. ಫಾರೆಸ್ಟರ್ ಅಭಿಷೇಕ ಹಾವೇರಿ ಕಡೆಯ ಹುಡುಗ, ದಬ್ಬಾಳಿಕೆಯವನಲ್ಲ. ನಮ್ಮನ್ನು ಕೂರಿಸಿ ಚಹಾ ಕೊಟ್ಟು, “ಯಜಮಾನ್ರ, ಮ್ಯಾಲಿನ ಆರ್ಡರ್ ಐತ್ರಿ. ನಾನೇನ್ ಮಾಡ್ಲಿ?” ಎಂದ.

ಹೊರಗೆ ಬಂದು ನಾನು ಜಯಪ್ಪನಿಗೆ ಹೇಳಿದೆ. ಹಳೆಯವರು ಇಪ್ಪತ್ತು ಜನ ಇನ್ನೂ ಇದ್ದೇವೆ. ಹಸಿರು ಟವೆಲ್ ಹಾಕಿಕೊಂಡು ಗೇಟಿನ ಮುಂದೆ ಕೂತರೆ ಬೀಗ ತಾನಾಗಿ ಬಿಚ್ಚುತ್ತದೆ. ಇದು ನಮ್ಮ ಕಾಲುದಾರಿ, ಇವರಪ್ಪನ ಮನೆಯದಲ್ಲ.

“ನೀ ಸುಮ್ನಿರು ಮಾರಾಯ. ನಿನ್ ಧರಣಿ ಮುಗಿಯೋದ್ರೊಳಗೆ ದೀಪಾವಳಿ ಬರತ್ತೆ. ಯಾಕೆ ಹೋಗ್ಬೇಕು ಅಂತ ಪೇಪರ್ನವ್ರು ಕೇಳಿದ್ರೆ ಏನ್ ಹೇಳ್ತೀಯ? ವಿಧವೆಗೆ ಬಾಗಿನ ಕೊಡಕ್ಕೆ ಅಂತೀಯಾ? ಮಾರನೇ ದಿನ ಅವ್ಳ ಊರಲ್ಲಿ ಎಲ್ರೂ ಓದ್ತಾರೆ.”

“ಹಂಗಾರೆ ಬಸ್ಸಲ್ಲಿ ಹೋಗು.”

“ಬಸ್ಸು ನಿಲ್ಲೋದು ಕೇರಿ ಬಾಯಲ್ಲಿ. ಜಟ್ಟಿಂಗಪ್ಪ ಅಂಗಡಿ ಕಟ್ಟೆ ಮೇಲೆ ಹುಟ್ಟಿದಾಗಿಂದ ಕೂತಿದಾನೆ. ಗೋಣಿ ಆಕಾರ ನೋಡೇ ಮೊರ ಅಂತ ಹೇಳ್ತಾನೆ ಅವ್ನು.”

ಅವನಿಗೆ ಬೇಕಾದದ್ದು ಆ ಹಿತ್ತಲ ಬಾಗಿಲು, ಮತ್ತೇನಿಲ್ಲ. ವಾಪಸು ಒಳಗೆ ಹೋಗಿ ಅಭಿಷೇಕನ ಮುಂದೆ ಗೋಣಿ ಬಿಚ್ಚಿದ. ಆ ಹುಡುಗ ಮೊರ ನೋಡಿದ, ಬಳೆ ನೋಡಿದ. ಅವನಿಗೂ ಊರಲ್ಲಿ ಅಕ್ಕ ಇದ್ದಿರಬೇಕು. “ಹಬ್ಬದ ದಿನ ನಮ್ದು ಗಸ್ತು ಐತಿ, ಆ ಕಡೆ ಇಳೀತೀವಿ. ನಮ್ಮ ಹಿಂದ ಬಂದ್ರ ನಾ ಹೊರಳಿ ನೋಡಂಗಿಲ್ಲ” ಎಂದ. ಜಲಜಮ್ಮನ ಗಂಡ ಸತ್ತ ವಿಷಯ ನಾವು ಹೇಳಲಿಲ್ಲ, ಅವನು ಕೇಳಲಿಲ್ಲ.

ಹಬ್ಬದ ಬೆಳಿಗ್ಗೆ ಮುಂದೆ ಅಭಿಷೇಕ, ಅವನ ಜೊತೆ ಖಾಕಿಯ ಇನ್ನೊಬ್ಬ ಗಾರ್ಡು, ಹಿಂದೆ ಗೋಣಿ ಹೊತ್ತ ಜಯಪ್ಪ, ಅವನ ಹಿಂದೆ ನಾನು. ಏರು ಮೊದಲಿಗಿಂತ ಉದ್ದವಾಗಿದೆ ಅನ್ನಿಸಿತು. ಜಯಪ್ಪ ಹೊರೆ ಇಳಿಸುವ ಕಲ್ಲಿನಲ್ಲಿ ಕೂತು ಬಹಳ ಹೊತ್ತು ಏಳಲಿಲ್ಲ. ಹಿಂದೆಲ್ಲ ಆ ಕಲ್ಲಿನ ಮೇಲೆ ಅಡಿಕೆ ಚೀಲ ಇಳಿಸಿದವರು, ಉಪ್ಪು ಇಳಿಸಿದವರು, ಕಾಯಿಲೆಯವರನ್ನು ಕಂಬಳಿಯಲ್ಲಿ ಹೊತ್ತು ಬಂದು ಇಳಿಸಿದವರು ಸಿಗುತ್ತಿದ್ದರು. ಎಲೆ ಅಡಿಕೆ ಕೈ ಬದಲಾಗುತ್ತಿತ್ತು. ಈಗ ಅದರ ಪಕ್ಕದಲ್ಲಿ ಕಸದ ಡಬ್ಬಿ ಇದೆ, ಜಿಂಕೆಯ ಆಕಾರದ್ದು. ಜಯಪ್ಪ ಅದರ ಬಾಯೊಳಗೆ ಎಲೆ ಉಗಿದು ಎದ್ದ.

ಕುತ್ತಿಗೆಗೆ ಬಂದಾಗ ಕೂ ಹಾಕಲು ಬಾಯಿಗೆ ಕೈ ಹಚ್ಚಿದ. ಅಭಿಷೇಕ ತಡೆದ. “ಒದರಬ್ಯಾಡ್ರಿ, ಕಾಡಕೋಣದ ಹಿಂಡು ಕೆಳಗ ಐತಿ.” ಜಯಪ್ಪ ಕೈ ಇಳಿಸಿದ. ಅಲ್ಲಿಂದ ಕೆಳಕ್ಕೆ ಗಾರ್ಡು ನಮ್ಮ ಹಿಂದೆ ನಡೆದ.

ಕೂ ಕೇಳದಿದ್ದರಿಂದ ಜಲಜಮ್ಮ ಹಿತ್ತಲಿಗೆ ಬಂದು ನಿಂತಿರಲಿಲ್ಲ. ನಮ್ಮನ್ನು ಮೊದಲು ಕಂಡವರು ಗದ್ದೆಯ ಬದುವಿನಲ್ಲಿ ಹುಲ್ಲು ಕೊಯ್ಯುತ್ತಿದ್ದವರು. ಅವರ ಕಣ್ಣಿಗೆ ಬಿದ್ದದ್ದು ಎರಡು ಖಾಕಿ, ನಡುವೆ ಗೋಣಿ ಹೊತ್ತು ತಲೆ ಬಗ್ಗಿಸಿ ಬರುವ ಜಯಪ್ಪ. ಕಾಡಿನಿಂದ ಇಳಿಯುವವರನ್ನು ಹಾಗೆ ಕಂಡರೆ ನಮ್ಮ ಕಡೆ ಅರ್ಥ ಒಂದೇ, ಮಾಲು ಸಮೇತ ಸಿಕ್ಕಿಬಿದ್ದ. ನಾವು ಕೊಟ್ಟಿಗೆ ಮುಟ್ಟುವ ಹೊತ್ತಿಗೆ ಅರ್ಧ ಕೇರಿ ಹಿತ್ತಲಲ್ಲಿತ್ತು. ಜಟ್ಟಿಂಗಪ್ಪ ಅಂಗಡಿ ಕಟ್ಟೆ ಬಿಟ್ಟು ಬಂದಿದ್ದ.

“ಎಂತದು ಜಯಪ್ಪ, ಹಬ್ಬದ ದಿನನೇ? ಕಡವೆಯಾ, ಗಂಧವಾ?”

ಜಯಪ್ಪ ಗೋಣಿಯನ್ನು ಕಂಕುಳಿಗೆ ಒತ್ತಿಕೊಂಡ.

“ಬಾಯಿ ಬಿಡು ಮಾರಾಯ. ನೆಂಟ ನೀನು. ಬೇಕಾದ್ರೆ ನಾವು ಸಾಹೇಬ್ರ ಹತ್ರ ಮಾತಾಡ್ತೀವಿ.”

ಜಯಪ್ಪ ಕಳ್ಳ ಅನ್ನಿಸಿಕೊಳ್ಳಲು ತಯಾರಾಗಿ ನಿಂತಿದ್ದಾನೆ ಎಂದು ನನಗೆ ತಿಳಿಯಿತು. ಜಲಜಮ್ಮ ಅಡುಗೆಮನೆಯಿಂದ ಹೊರಗೆ ಬಂದಳು, ಹಿಂದೆ ಸೊಸೆ ಸುಚಿತ್ರಾ. ಅಷ್ಟರಲ್ಲಿ ಮುದುಕನ ಮಾನ ಹೋಗುತ್ತಿದೆ ಎಂದು ಅಭಿಷೇಕನಿಗೆ ಕನಿಕರ ಬಂದಿತ್ತು.

“ಏನೂ ತಪ್ಪು ಮಾಡಿಲ್ರಿ ಅವ್ರು. ನಾನ ಕಣ್ಣಾರೆ ನೋಡೀನಿ. ತಂಗಿಗೆ ಬಾಗಿನ ತಂದಾರ, ಮೊರ, ಬಳಿ, ಎಲ್ಲಾ ಐತಿ.”

ಹೆಂಗಸರು ಒಬ್ಬರನ್ನೊಬ್ಬರು ನೋಡಿಕೊಂಡರು. ಜಟ್ಟಿಂಗಪ್ಪ ಕೆಮ್ಮಿ, “ಜಲಜಂಗಾ ಬಾಗಿನ? ಈ ವರ್ಷ?” ಎಂದ.

ಜಯಪ್ಪನ ಕಾಲಿನಿಂದ ಜಿಗಣೆ ಕಚ್ಚಿದ ರಕ್ತ ಇಳಿಯುತ್ತಿತ್ತು. ಅವನು ತಂಗಿಯ ಮುಖ ನೋಡಲಿಲ್ಲ. ಜಲಜಮ್ಮ ಬಂದು ಗೋಣಿಯನ್ನು ಅವನ ಕಂಕುಳಿಂದ ಎಳೆದುಕೊಂಡಳು, ಅಲ್ಲೇ ಮೆಟ್ಟಿಲ ಮೇಲೆ ಕೂತು ಬಿಚ್ಚಿದಳು. ಮೊರವನ್ನು ಎತ್ತಿ, ಹೆಣಿಗೆ ನೋಡಿ, ಬೆರಳಲ್ಲಿ ತಟ್ಟಿದಳು.

“ಗಟ್ಟಿ ಇದೆ. ನಮ್ಮನೆ ಮೊರಕ್ಕೆ ಗೆದ್ಲು ಹಿಡಿದು ಆಷಾಢದಿಂದ ಅಕ್ಕಿ ಕೇರಕ್ಕೆ ಆಗಿಲ್ಲ” ಎಂದಳು. ಆಮೇಲೆ ಜಟ್ಟಿಂಗಪ್ಪನ ಕಡೆ ತಿರುಗಿ, “ನೀವು ಎಂತ ನೋಡ್ತಾ ನಿಂತ್ರಿ? ನಿಮ್ ಮನೇಲಿ ಮೊರ ಇಲ್ವಾ?” ಎಂದಳು.

ಬಳೆ ಕೈಗೆ ಸಿಕ್ಕವು. ಸುಚಿತ್ರಾ ತನಗೆ ಕೊಡುತ್ತಾರೆ ಎಂದು ಕೈ ಮುಂದೆ ಮಾಡಿದಳು. ಜಲಜಮ್ಮ ಕೊಡಲಿಲ್ಲ. ಎಲ್ಲರೂ ನೋಡುತ್ತಿದ್ದಂತೆ ಸೆರಗಿನ ತುದಿಗೆ ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. “ಒಲೆಗೆ ಬೆಂಕಿ ಮಾಡು ಹೋಗು. ಈ ಸಾಹೇಬ್ರಿಗೂ ಎಲೆ ಹಾಕು” ಎಂದು ಸೊಸೆಗೆ ಹೇಳಿ, ಅಣ್ಣನಿಗೆ ಬೈದಳು. “ಕೂ ಹಾಕಕ್ಕೆ ಏನಾಗಿತ್ತು ಅಣ್ಣಯ್ಯ? ನಿಂಗೋಸ್ಕರ ಕಾದು ಕಾದು ಒಲೆ ಆರಿಸ್ದೆ.”

ಜನ ಒಬ್ಬೊಬ್ಬರಾಗಿ ಕರಗಿದರು. ಅವರಲ್ಲಿ ಕೆಲವರು ಮಾತಾಡಿಕೊಂಡಿರಬೇಕು, ಈಗಲೂ ಆಡುತ್ತಿರಬಹುದು. ಅವಳಿಗೆ ಎದುರು ನಿಂತು ಆಡಿದವರಿಲ್ಲ.

ಊಟಕ್ಕೆ ಕೂತಾಗ ಜಲಜಮ್ಮ ಎರಡನೇ ಕಡುಬು ಹಾಕುತ್ತ ಹೇಳಿದಳು. “ಮುಂದಿನ ವರ್ಷ ಬಸ್ಸಲ್ಲೇ ಬಾ. ಎಲ್ರಿಗೂ ಗೊತ್ತಾಯ್ತಲ್ಲ, ಇನ್ನೆಂತ ಮುಚ್ಚಿಡೋದಿದೆ? ಮೊಣಕಾಲು ಉಳಿಸ್ಕ.”

“ಬಸ್ಸಲ್ಲಿ ನಂಗೆ ವಾಂತಿ ಬರತ್ತೆ.”

“ಕಿಟಕಿ ಪಕ್ಕ ಕೂರು.”

ಅವತ್ತು ಸಂಜೆ ನಾವು ಬಸ್ಸಿನಲ್ಲೇ ವಾಪಸಾದೆವು. ಮಳೆ ಕಡಿಮೆಯಾದ ಮೇಲೆ ಗೇಟು ತೆಗೆದರು, ಗಾಡಿಗಳು ಮತ್ತೆ ಬರುತ್ತಿವೆ. ನಿಮಗೆ ಟಿಕೆಟ್ ಬೇಡ, ಯಾವಾಗ ಬೇಕಾದರೂ ಹತ್ತಿ ಎಂದು ಅಭಿಷೇಕ ಜಯಪ್ಪನಿಗೆ ಹೇಳಿ ಕಳಿಸಿದ್ದಾನೆ. ಹೋಗೋಣವಾ ಎಂದು ಮೊನ್ನೆ ಕೇಳಿದೆ.

“ಆ ಕಡೆ ಇಳಿಯೋ ಕೆಲಸ ಇಲ್ವಲ್ಲ ಈಗ. ಸುಮ್ನೆ ಹತ್ತಿ ಇಳಿಯಕ್ಕೆ ನಂಗೇನು ತಲೆ ಕೆಟ್ಟಿದ್ಯಾ?” ಎಂದು ಜಯಪ್ಪ ದನ ಹೊಡೆದುಕೊಂಡು ಹೊರಟ.