ಮಗ್ಗದ ಗುಂಡಿಯಲ್ಲಿ ಕೆಂಚಿ

ಸೀರೆ ನೇಯಲು ಕೂರುವ ಮೊದಲು ಎಂದಿನಂತೆ ಮಗ್ಗದ ಮರವನ್ನು ತಟ್ಟಿದೆ. ಕಾಲಿಡುವ ಗುಂಡಿಯಲ್ಲಿ ಮಲಗುವ ನನ್ನ ಬೆಕ್ಕು ಕೆಂಚಿಯನ್ನು ಏಳಿಸುವುದು ಹಾಗೆಯೇ. ಅವತ್ತು ಅವಳು ಏಳಲಿಲ್ಲ. ಬಗ್ಗಿ ಮುಟ್ಟಿದರೆ ಮೈ ತಣ್ಣಗಾಗಿತ್ತು.

ಮೊಳಕಾಲ್ಮೂರಿನ ಈ ಮನೆಯಲ್ಲಿ ಇದ್ದದ್ದು ನಾವಿಬ್ಬರೇ. ಹಿಂದಿನ ಸಂಜೆ ಹಾಲು ಕುಡಿದು ಚೆನ್ನಾಗಿಯೇ ಇದ್ದಳು. ಮೈಮೇಲೆ ಗಾಯವಿಲ್ಲ, ಬಾಯಲ್ಲಿ ನೊರೆಯಿಲ್ಲ. ಪಕ್ಕದ ಮನೆಯ ತಿಮ್ಮಕ್ಕ ಬಂದು ಹೊರಳಿಸಿ ನೋಡಿ, "ಏನಾತೋ ಗೊತ್ತಾಗ್ತಿಲ್ಲವ್ವ" ಎಂದರು. ಇಬ್ಬರೂ ಸೇರಿ ಹಿತ್ತಲಿನ ಬೇವಿನ ಬುಡದಲ್ಲಿ ಮಣ್ಣು ಮಾಡಿದೆವು.

ಕೆಲವು ದಿನ ಮಗ್ಗದ ಕಡೆ ಹೋಗಲೇ ಮನಸ್ಸಾಗಲಿಲ್ಲ. ಕೊನೆಗೊಂದು ಬೆಳಿಗ್ಗೆ ಕೂರಲು ಹೋದವಳು ಅಭ್ಯಾಸಬಲದಿಂದ ಮತ್ತೆ ಮರ ತಟ್ಟಿಬಿಟ್ಟೆ. ನನಗೇ ನಾಚಿಕೆಯಾಯಿತು. ಅಷ್ಟರಲ್ಲಿ ಗೋಡೆಯಾಚೆಯಿಂದ ತಿಮ್ಮಕ್ಕನ ದನಿ ಬಂತು: "ತಟ್ಟೋದು ಬಿಡಬ್ಯಾಡ ಕಣವ್ವ. ಆ ಸದ್ದು ಕೇಳಿದ್ಮ್ಯಾಲೇ ನೀನು ಎದ್ದಿದೀಯ ಅಂತ ನಂಗೆ ಗೊತ್ತಾಗೋದು."

ಈಗಲೂ ದಿನಾ ತಟ್ಟುತ್ತೇನೆ. ಮೈಮುರಿದು, ಆಕಳಿಸಿ ಹೊರಬರಲು ಕೆಂಚಿಗೆ ಎಷ್ಟು ಹೊತ್ತು ಹಿಡಿಯುತ್ತಿತ್ತೋ ಅಷ್ಟು ಹೊತ್ತು ಕಾಯುತ್ತೇನೆ. ಆಮೇಲೆ ಗುಂಡಿಗೆ ಕಾಲಿಳಿಸುತ್ತೇನೆ.