ಅಜ್ಜಿಯ ಎಲೆಗೆ ಒಂದು ರಸ್ಕ್

ನಮ್ಮ ಅತ್ತೆಯ ಬೊಜ್ಜದ ದಿನ (ಉತ್ತರಕ್ರಿಯೆ ಎಂದರೆ ಘಟ್ಟದ ಮೇಲಿನವರಿಗೂ ಅರ್ಥವಾದೀತು) ಪಕ್ಕದ ಮನೆಯ ಜೆನಿಶಾ ಬಾಗಿಲಲ್ಲಿ ಬಂದು ನಿಂತಳು. ಕೈಯಲ್ಲೊಂದು ರಸ್ಕ್. ಚಹಾದಲ್ಲಿ ಅದ್ದಿದ್ದು. ಬೆರಳ ಸಂದಿಯಿಂದ ತೊಟ್ಟಿಕ್ಕುತ್ತಿತ್ತು.

"ಅಜ್ಜಿಯ ಎಲೆಗೆ ಹಾಕ್ಲಿಕ್ಕೆ, ಆಂಟಿ."

"ಅದ್ದಿ ತಂದದ್ದು ಎಂತಕ್ಕೆ ಮಾರಾಯ್ತಿ?"

"ಅಜ್ಜಿಗೆ ಹಲ್ಲು ಇಲ್ವಲ್ಲ!"

ಏಳು ವರ್ಷದ ಹುಡುಗಿ. ನನ್ನ ಮಗಳು ಅನ್ವಿಯ ಜೊತೆ ಎರಡನೇ ಕ್ಲಾಸು. ಒಂದೇ ಬೆಂಚು, ಒಂದೇ ರಿಕ್ಷಾ. ಅವಳ ತಾಯಿ ಕೆಲಸ ಮುಗಿಸಿ ತೊಕ್ಕೊಟ್ಟಿನಿಂದ ಪಡೀಲಿಗೆ ಬರುವಾಗ ಕತ್ತಲಾಗುತ್ತದೆ. ಅಲ್ಲಿಯವರೆಗೆ ನಮ್ಮಲ್ಲೇ. ಅತ್ತೆ ಒಂದು ರಸ್ಕ್ ಅದ್ದಿ ತಾವು ತಿನ್ನುವುದು, ಇನ್ನೊಂದನ್ನು ಮುರಿದು ಇಬ್ಬರು ಮಕ್ಕಳಿಗೂ ಕೊಡುವುದು. ಇಷ್ಟೇ ಸಂಬಂಧ. ಇಷ್ಟು ಸಾಲದೇ?

ಸಾಲದು. ತೀರಿಹೋದವರ ಎಲೆಗೆ ಕುಟುಂಬದವರೇ ಬಡಿಸಬೇಕು. ಗಂಡನ ದೊಡ್ಡಪ್ಪ ಗದರಲಿಲ್ಲ, ಮೆತ್ತಗೇ ಹೇಳಿದರು: "ನೀನಲ್ಲ ಮಗಾ. ಇದು ಮನೆಯವರು ಹಾಕುವುದು. ನೀನು ಆಮೇಲೆ ಪಾಯಸಕ್ಕೆ ಬಾ, ಆಯ್ತಾ?"

ಅವಳು ತಲೆಯಾಡಿಸಿದಳು. "ಟೀಚರೂ ಹಾಗೆಯೇ ಹೇಳಿದ್ರು, ಅಜ್ಜ."

ಯಾವ ಟೀಚರ್? ಮೆಟ್ಟಿಲಲ್ಲಿ ಕೂರಿಸಿ ಕೇಳಿದೆ.

ಅವರ ಶಾಲೆಯಲ್ಲಿ ಧರ್ಮಪಾಠದ ಪೀರಿಯಡ್ ಬಂದರೆ ಬೆಂಚು ಅರ್ಧ ಖಾಲಿಯಾಗುತ್ತದೆ. ಕ್ರೈಸ್ತ ಮಕ್ಕಳು ಪಕ್ಕದ ಕೋಣೆಗೆ. ಉಳಿದವರು ಅಲ್ಲೇ, ನೀತಿಪಾಠಕ್ಕೆ. ಆ ಪಕ್ಕದ ಕೋಣೆಯಲ್ಲಿ ಕಳೆದ ವಾರ ತೀರಿಹೋದವರಿಗಾಗಿ ಪ್ರಾರ್ಥನೆ. ಒಬ್ಬೊಬ್ಬರೂ ತಮ್ಮ ಮನೆಯಲ್ಲಿ ತೀರಿಹೋದವರ ಹೆಸರು ಹೇಳಬೇಕು. ಇವಳು ಎದ್ದು ನಿಂತು "ಅನ್ವಿಯ ಅಜ್ಜಿ" ಎಂದಳಂತೆ. ಮಕ್ಕಳೆಲ್ಲ ನಕ್ಕರಂತೆ. ಟೀಚರ್ (ಪಾಪ, ಒಳ್ಳೆಯವರೇ) ತಲೆ ಸವರಿ, "ಅವರಿಗೆ ಅವರ ಮನೆಯವರು ಪ್ರಾರ್ಥನೆ ಮಾಡ್ತಾರೆ ಪುಟ್ಟಾ. ನೀನು ನಿನ್ನ ಮನೆಯವರ ಹೆಸರು ಹೇಳು" ಎಂದರಂತೆ.

ನೋಡಿ, ಅಲ್ಲಿಯೂ ಯಾರೂ ಗದರಲಿಲ್ಲ. ದೊಡ್ಡವರು ಬಾಗಿಲು ಹಾಕುವಾಗ ಸದ್ದಾಗುವುದೇ ಇಲ್ಲ.

"ಕೊಡು, ನಿನ್ನ ಲೆಕ್ಕದಲ್ಲಿ ನಾನು ಹಾಕ್ತೇನೆ" ಎಂದು ಕೈ ಚಾಚಿದೆ. ಅಷ್ಟರಲ್ಲಿ ರಸ್ಕ್ ಅವಳ ಅಂಗೈಯಲ್ಲೇ ಕರಗಿ ಗಂಜಿಯಾಗಿತ್ತು. ಎಲೆಗೆ ಹಾಕಲು ಏನೂ ಉಳಿದಿರಲಿಲ್ಲ. ನಲ್ಲಿಯ ಹತ್ತಿರ ಕರೆದುಕೊಂಡು ಹೋಗಿ ಕೈ ತೊಳೆಸಿದೆ. ಒಳಗೆ ಅನ್ವಿ ಅಜ್ಜಿಯ ಎಲೆಗೆ ಅನ್ನ ಬಡಿಸುತ್ತಿದ್ದಳು. ಇವಳು ಅದನ್ನೇ ನೋಡುತ್ತಾ ಕೇಳಿದಳು:

"ಆಂಟಿ, ಹಾಗಾದ್ರೆ ಅಜ್ಜಿ ನನಗೆ ಯಾರು?"

ಎರಡು ಕೋಣೆಗಳಲ್ಲಿ ಎರಡು ಪಾಠ ನಡೆಯುತ್ತದಲ್ಲ, ಇದಕ್ಕೆ ಉತ್ತರವನ್ನು ಯಾವ ಕೋಣೆಯಲ್ಲಿ ಕಲಿಸುತ್ತಾರೆ?