ಏರಿನ ಮೇಲಿನ ಸರಪಳಿ

ಸೂಗಮ್ಮನಿಗೆ ಅನ್ನ ಹಾಕುತ್ತಿದ್ದದ್ದು ಹೊಲವಲ್ಲ, ಒಂದು ಏರು. ಕಮಲಾಪುರದಿಂದ ಕಲಬುರಗಿಗೆ ಹೋಗುವ ದಾರಿ ಊರು ದಾಟಿದ ಮೇಲೆ ಹಳ್ಳಕ್ಕೆ ಇಳಿದು, ಆಚೆ ದಂಡೆಯಲ್ಲಿ ಗೋಡೆ ಎದ್ದಂತೆ ಎದ್ದು ನಿಲ್ಲುತ್ತಿತ್ತು. ನಿಜಾಮರ ಸರಕಾರ ಆ ದಾರಿಗೆ ಕಲ್ಲು ಹಾಕಿಸಿತ್ತು. ಕಲ್ಲು ಹೊತ್ತವರು ಬಿಟ್ಟಿ ದುಡಿದ ಊರ ಜನ. ಏರು ತಗ್ಗಿಸುವ ಗೋಜಿಗೆ ಯಾವ ಅಧಿಕಾರಿಯೂ ಹೋಗಲಿಲ್ಲ. ಸೂಗಮ್ಮನಿಗೆ ಅದೇ ಒಳ್ಳೆಯದಾಯಿತು.

ತೊಗರಿ ಹೇರಿಕೊಂಡು ಕಲಬುರಗಿಯ ಗಂಜಿಗೆ, ಅಂದರೆ ಕಾಳಿನ ಪೇಟೆಗೆ, ಹೊರಟ ಬಂಡಿಯವರು ಹಳ್ಳದಲ್ಲಿ ನಿಂತು "ಸೂಗಕ್ಕಾ, ಎತ್ತು ಹೂಡು ಬಾ" ಎಂದು ಕೂಗುತ್ತಿದ್ದರು. ಆಕೆ ತನ್ನ ಜೋಡಿಯನ್ನು ಬಂಡಿಯ ಎತ್ತುಗಳ ಮುಂದೆ ಹೂಡಿ ದಂಡೆ ಹತ್ತಿಸಿ ಬಿಡುತ್ತಿದ್ದಳು. ಬಂಡಿಯವರು ಒಂದಿಷ್ಟು ಜೋಳವನ್ನೋ ಎತ್ತಿನ ಮೇವಿಗೆ ಕಣಿಕಿಯನ್ನೋ ಕೊಟ್ಟು ಹೋಗುತ್ತಿದ್ದರು. ಗಂಡ ಪ್ಲೇಗಿನಲ್ಲಿ ಹೋದಾಗ ಮೈದುನರು "ಹೆಣ್ಣಾಗಿ ಎತ್ತು ಹೊಡೀತಿಯೇನು?" ಎಂದಿದ್ದರು. ಆಕೆ ಅವರೆದುರೇ ಬಾರುಕೋಲು ಎತ್ತಿಕೊಂಡಳು. ಅತ್ತದ್ದನ್ನು ಯಾರೂ ನೋಡಲಿಲ್ಲ. ಅಳುವಷ್ಟು ಬಿಡುವು ಆಕೆಗೂ ಇರಲಿಲ್ಲ.

ಎತ್ತುಗಳ ಹೆಸರು ಕೆಂಚ್ಯಾ, ಬೂದ್ಯಾ. ಎರಡೂ ನಡುತರದ ಮೈಕಟ್ಟಿನವು. ಸಂತೆಯಲ್ಲಿ ಗುಡ್ಡದಂಥ ಎತ್ತುಗಳು ಸಿಗುತ್ತಿದ್ದವು, ಆಕೆ ಆ ಕಡೆ ಹಾಯುತ್ತಿರಲಿಲ್ಲ. "ದೊಡ್ಡದು ಕೆಲಸ ಇದ್ದ ದಿನ ಚೊಲೋ ಎಳೀತದ, ಖರೇ. ಇಲ್ಲದ ದಿನಾನೂ ಅಷ್ಟೇ ತಿಂತದ. ಅದರ ಹೊಟ್ಟಿ ತುಂಬಸಾಕ ನಾ ನೊಗಕ್ಕ ಹೆಗಲು ಕೊಡಬೇಕಾಗ್ತದ" ಎನ್ನುತ್ತಿದ್ದಳು.

ಆಮೇಲೆ ಲಾರಿ ಬಂತು. ಗಂಜಿನ ಸಾಹುಕಾರ ಕಲ್ಯಾಣಪ್ಪ ಎಲ್ಲೋ ಹಳೆಯದೊಂದನ್ನು ಹಿಡಿದು ತಂದು, ಕಲಬುರಗಿಯ ಜಗತ್ ಬಡಾವಣೆ ಕಡೆಯ ಕರೀಂಸಾಬ್‌ನನ್ನು ಡ್ರೈವರ್ ಮಾಡಿದ್ದ. ಒಂದೇ ಸುಗ್ಗಿಯಲ್ಲಿ ಬಂಡಿಗಳು ಕಡಿಮೆಯಾದವು. ಸೂಗಮ್ಮನ ಎತ್ತು ಮೇಯುವ ಗ್ವಾದಲಿಯಲ್ಲಿ ಹತ್ತಿಕಾಳು ತೀರಿತು, ಕಣಿಕಿಯೂ ತೀರುತ್ತಾ ಬಂತು. ಕಡೆಗೆ ಆಕೆ ದನದ ದಲ್ಲಾಳಿ ನಬಿಸಾಬ್‌ಗೆ ಹೇಳಿಕಳಿಸಿದಳು: ಸಂತೆ ದಿನ ಬಂದು ಜೋಡಿ ಹೊಡಕೊಂಡು ಹೋಗು.

ಹಾಗೆ ಹೇಳಿಕಳಿಸಿದ ಮರುದಿನವೇ ಲಾರಿ ಏರಿನ ಮಧ್ಯೆ ನಿಂತಿತು. ಮೂತಿಯಿಂದ ಬಿಸಿ ಹಬೆ ಏಳುತ್ತಿತ್ತು. ಕರೀಂಸಾಬ್ ಗಾಲಿಗೆ ಕಲ್ಲು ಒಡ್ಡಿ ಬೆವರು ಒರೆಸಿಕೊಳ್ಳುತ್ತಿದ್ದ.

"ಯಾಕೋ ತಮ್ಮಾ, ನಿನ್ನ ಕಬ್ಬಿಣದ ಎತ್ತು ಬುಸುಗುಡಾಕತ್ತದಲ್ಲ?"

"ನಗಬ್ಯಾಡ ಸೂಗಕ್ಕಾ. ಅರ್ಧ ಚೀಲ ಇಲ್ಲೇ ಇಳಿಸಿ, ಉಳಿದದ್ದು ಮ್ಯಾಲ ಬಿಟ್ಟು ಬಂದು, ಮತ್ತ ಇವನ್ನ ಒಯ್ಯಬೇಕು. ಪೆಟ್ರೋಲ್ ಹಳ್ಳಕ್ಕ ಸುರುವಿದಂಗ."

"ಮೊದಲೇ ಅರ್ಧ ಹೇರಿಕೊಂಡು ಬಾ."

"ಅರ್ಧ ಹೇರಿದ್ರ ಕಲಬುರಗಿತನಕ ಹೋಗೋ ಪೆಟ್ರೋಲಿನ ರೊಕ್ಕಾನೂ ಗಿಟ್ಟೂದಿಲ್ಲ. ಅದಕ್ಕ ಸಾಹುಕಾರ್ರು ದೊಡ್ಡ ಲಾರಿ ತರ್ತೀನಿ ಅನ್ನಾಕತ್ತಾರ."

"ದೊಡ್ಡದು ಖಾಲಿ ಬರುವಾಗ ಕಡಿಮಿ ಕುಡೀತದೇನು?"

"ಎಲ್ಲೀದು! ಅದು ನಿಂತಲ್ಲೇ ಕುಡೀತದ."

ಸೂಗಮ್ಮ ನಕ್ಕಳು, ನಗು ಅರ್ಧಕ್ಕೇ ನಿಂತಿತು. ದೊಡ್ಡ ಲಾರಿ ಬಂದರೆ ಈ ಏರು ಸತ್ತಂತೆಯೇ. ಆಕೆ ಮನೆ ಕಡೆ ತಿರುಗಿದಳು. "ಸರಪಳಿ ಇದ್ರ ತೆಗದಿಡು. ಎತ್ತು ತರ್ತೀನಿ."

ಮೊದಲ ಸಲ ತಪ್ಪು ಮಾಡಿದವಳು ಸೂಗಮ್ಮನೇ. "ನಿನ್ನ ಎಂಜಿನ್ ಬಂದ್ ಮಾಡು, ಆ ಗದ್ದಲಕ್ಕ ಎತ್ತು ಬೆದರ್ತಾವ" ಎಂದು ಹಟ ಹಿಡಿದಳು. ಅವನು ಬಂದ್ ಮಾಡಿದ. ಇಡೀ ಲಾರಿ ಎತ್ತುಗಳ ಕತ್ತಿಗೆ ಜೋತುಬಿತ್ತು. ಕೆಂಚ್ಯಾ ಮೊಣಕಾಲೂರಿದ. ಗಾಲಿಯ ಕಲ್ಲು ಇರದಿದ್ದರೆ ಎತ್ತು, ಲಾರಿ, ತೊಗರಿ ಎಲ್ಲ ಹಳ್ಳದಲ್ಲಿರುತ್ತಿದ್ದವು.

ಎರಡನೇ ತಪ್ಪು ಕರೀಂಸಾಬ್‌ನದು. ಎಂಜಿನ್ ಹಚ್ಚಿ ಜೋರು ಕೊಟ್ಟ. ಲಾರಿ ಜಿಗಿಯಿತು, ಸರಪಳಿ ಸಡಿಲಾಗಿ ನೆಲಕ್ಕೆ ಬಿತ್ತು, ಲಾರಿಯ ಮೂತಿ ಬೂದ್ಯಾನ ಹಿಂಗಾಲಿಗೆ ಗೇಣಷ್ಟು ದೂರದಲ್ಲಿ ನಿಂತಿತು.

"ನನ್ನ ಎತ್ತಿನ ಕಾಲು ಮುರೀತಿದ್ದೆಲ್ಲೋ, ಖೋಡಿ!"

"ನಿನ್ನ ಮಾತು ಕೇಳಿ ನನ್ನ ಲಾರಿ ಹಳ್ಳಕ್ಕ ಹೋಗ್ತಿತ್ತು, ಅದಕ್ಕೇನಂತಿ?"

ಇಬ್ಬರೂ ಬೈದಾಡಿ ದಣಿದು ಕೂತರು. ಅವನು ಬೀಡಿ ಹಚ್ಚಿದ, ಆಕೆ ಎಲೆಅಡಿಕೆ ಹಾಕಿಕೊಂಡಳು. ಇಬ್ಬರ ನಡುವೆ ಸರಪಳಿ ಬಿದ್ದಿತ್ತು. ಸೂಗಮ್ಮ ಅದನ್ನೇ ನೋಡುತ್ತಾ ಕೂತಳು.

"ಇದು ಪೂರಾ ಬಿಗದ್ರ ಭಾರೆಲ್ಲಾ ನನ್ನ ಎತ್ತಿಂದು. ಜೋತುಬಿದ್ರ ಭಾರೆಲ್ಲಾ ನಿನ್ನ ಪೆಟ್ರೋಲಿಂದು, ಮ್ಯಾಲ ಎತ್ತಿನ ಕಾಲಿಗೂ ಕುತ್ತು. ಎರಡೂ ಆಗಬಾರದು. ನಾ ಬಾಜೂಕ ನಡೀತೀನಿ. ಕೋಲು ಎತ್ತಿದ್ರ ಜೋರು ಕಡಿಮಿ ಮಾಡು, ಇಳಿಸಿದ್ರ ಹೆಚ್ಚು ಮಾಡು."

"ಮತ್ತ ಎತ್ತು ಬೆದರಿದ್ರ?"

"ಅವಕ್ಕ ನಾ ಹೇಳ್ತೀನಿ. ನೀ ಕೋಲು ನೋಡು."

ಆಕೆ ಎತ್ತುಗಳಿಗೆ ಬಾಯಿಂದ ಹೇಳುತ್ತಾ, ಅವನಿಗೆ ಕೋಲಿನಿಂದ ಹೇಳುತ್ತಾ, ಕಣ್ಣು ಸರಪಳಿಯ ಮೇಲಿಟ್ಟು ನಡೆದಳು. ಎಂಜಿನ್ ಸಣ್ಣಗೆ ಗುರುಗುಟ್ಟುತ್ತಾ ತಳ್ಳಿತು. ಎತ್ತುಗಳು ಕಿವಿ ನಿಮಿರಿಸಿದವು, ಆದರೆ ಹೆಜ್ಜೆ ತಪ್ಪಿಸಲಿಲ್ಲ. ಒಂದು ಚೀಲವೂ ಇಳಿಯದೆ ಲಾರಿ ದಂಡೆ ಹತ್ತಿತು. ಕರೀಂಸಾಬ್ ಇಳಿದು ಮೂತಿಯ ಮೇಲೆ ಕೈಯಿಟ್ಟ. "ನೀರು ಕುದ್ದಿಲ್ಲ ಸೂಗಕ್ಕಾ!"

ಎರಡು ದಿನ ಬಿಟ್ಟು, ಸುದ್ದಿ ಕೇಳಿ, ಕಲ್ಯಾಣಪ್ಪನೇ ಲಾರಿಯಲ್ಲಿ ಕೂತು ಬಂದ. ತೊಗರಿ ಚೀಲಗಳ ಮೇಲೆ ಕೆಂಪು ಬಾಳೆಯ ಗೊನೆಗಳನ್ನೂ ಹೇರಿಸಿದ್ದ, ಪರೀಕ್ಷೆ ಮಾಡುವವರ ಹಾಗೆ. ಲಾರಿ ಹತ್ತಿತು. ಸಾಹುಕಾರ ರುಮಾಲು ಸರಿಮಾಡಿಕೊಂಡು ಹೇಳಿದ:

"ಸೂಗಮ್ಮ, ಈ ಜೋಡಿ ನನಗೇ ಕೊಟ್ಟುಬಿಡು. ಆಳು ಇಟ್ಟು ನಡೆಸ್ತೀನಿ."

"ಎತ್ತು ಕೊಳ್ಳಬಹುದ್ರೀ ಸಾಹುಕಾರ್ರೇ. ಸರಪಳಿ ನೋಡೋ ಕಣ್ಣು ಎಲ್ಲಿಂದ ಕೊಳ್ತೀರಿ?"

"ಹಂಗಾದ್ರ ದೊಡ್ಡ ಲಾರಿ ತರ್ತೀನಿ."

"ತರ್ರಿ. ಒಂದು ಏರಿನ ಸಲುವಾಗಿ ಅಷ್ಟೂ ದಾರಿ ಅದಕ್ಕ ಪೆಟ್ರೋಲ್ ಕುಡಸ್ರಿ."

ಕರೀಂಸಾಬ್ ಮುಖ ಆ ಕಡೆ ತಿರುಗಿಸಿ ನಕ್ಕ. ಕಲ್ಯಾಣಪ್ಪ ಒಳ್ಳೆಯವನೇನಲ್ಲ, ಆದರೆ ದಡ್ಡನಲ್ಲ. "ಏನು ಬೇಕು ಹೇಳು" ಎಂದ.

"ನಿಮ್ಮ ಲಾರಿ ಗಂಜಿನಿಂದ ಖಾಲೀನೇ ಬರ್ತದಲ್ಲ, ಅದರಾಗ ನನ್ನ ಎತ್ತಿಗೆ ಹತ್ತಿಕಾಳು ಬರಲಿ, ತಪ್ಪದಂಗ. ಮತ್ತ ಬಂಡಿಯವರು ಬಂದ್ರ ಅವರದೂ ಸರದಿ ಅದ. ನಿಮ್ಮ ಮೋಟಾರು ಅಂತ ನಾ ಅವರನ್ನ ಹಿಂದ ಸರಸೂದಿಲ್ಲ."

ಸಾಹುಕಾರ ಗೊಣಗಿದ, ಒಪ್ಪಿದ. ಮರುದಿನವೇ ಹತ್ತಿಕಾಳು ಬಂತು.

ಸಂತೆ ದಿನ ನಬಿಸಾಬ್ ಹಗ್ಗ ಹಿಡಿದು ಸೂಗಮ್ಮನ ಅಂಗಳಕ್ಕೆ ಬಂದ. ಅಂಗಳ ಖಾಲಿ. ಗ್ವಾದಲಿಯಲ್ಲಿ ಹತ್ತಿಕಾಳು ಕಂಡು ತಲೆ ಕೆರೆದುಕೊಂಡು ಹಳ್ಳದ ಕಡೆ ಹೋದ. ಏರಿನ ಮೇಲೆ ಲಾರಿ, ಅದರ ಮುಂದೆ ಕೆಂಚ್ಯಾ, ಬೂದ್ಯಾ, ಪಕ್ಕದಲ್ಲಿ ಕೋಲೆತ್ತಿದ ಸೂಗಮ್ಮ. ಹಿಂದೆ ಎರಡು ಬಂಡಿ ಸರದಿ ಕಾಯುತ್ತಿದ್ದವು.

"ಅರೇ ಸೂಗಮ್ಮಾ, ಎತ್ತು ಮಾರ್ತೀನಿ ಅಂತ ಕರೆಸಿ..."

"ಆಮೇಲೆ ಬೈಯುವಂತಿ ಕಾಕಾ!" ಆಕೆ ಸರಪಳಿಯಿಂದ ಕಣ್ಣು ತೆಗೆಯಲಿಲ್ಲ. "ಈಗ ಹಗ್ಗ ಕೆಳಗಿಟ್ಟು, ಕಲ್ಲು ತಗೊಂಡು ಲಾರಿ ಹಿಂದ ನಡಿ. ನಿಂತ್ರ ಗಾಲಿಗೆ ಒಡ್ಡು!"

ನಬಿಸಾಬ್ ಹಗ್ಗ ಕೆಳಗಿಟ್ಟು ಕಲ್ಲು ಎತ್ತಿಕೊಂಡ.